ಬೇನೆ ಹೋಯಿತು, ಬುದ್ಧಿ ಉಳಿಯಿತೇ?



ಕಷ್ಟ ಬಂದಾಗ ದೇವರನ್ನು ನೆನೆಯುವುದು, ಕಷ್ಟ ಕಳೆದ ಮೇಲೆ ದೇವರನ್ನೂ ನೆರೆಯವನನ್ನೂ ಮರೆಯುವುದು ಮನುಷ್ಯನ ಹಳೆಯ ಚಾಳಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕೊರೋನಾ ಎಂಬ ಹೊಳೆಯನ್ನು ನಾವು ದಾಟಿ ಬಂದಿದ್ದೇವೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಗದ್ವ್ಯಾಪಿ ಮಹಾಮಾರಿ ಎಂದು ಸಾರಿತು. 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತು ಎಂದೂ ಅದೇ ಸಂಸ್ಥೆ ಹೇಳಿತು. ಬೇನೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಆ ಮೂರು ವರ್ಷ ನಮಗೆ ಕಲಿಸಿದ ಪಾಠದ ಲೆಕ್ಕ ಮುಗಿದಿದೆಯೇ? ಅಂಬಿಗನ ಕೂಲಿಯನ್ನು ನಾವು ಕೊಟ್ಟಿದ್ದೇವೆಯೇ? ಇಂದಿನ ಚಿಂತನೆ ಇದರ ಬಗ್ಗೆ.

ಅಜ್ಜ-ಅಜ್ಜಿಯರು ಕಂಡ ಮಾರಿ

ಇಂದು ಎಪ್ಪತ್ತು ಎಂಬತ್ತು ದಾಟಿದ ಹಿರಿಯರು ತಮ್ಮ ಅಜ್ಜ-ಅಜ್ಜಿಯರ ಬಾಯಿಂದ ಪ್ಲೇಗಿನ ಕಥೆ ಕೇಳಿರಬಹುದು. ಇಲಿ ಬಿತ್ತೆಂದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು, ಬೆಳಿಗ್ಗೆ ಮಣ್ಣಿಗೆ ಹೋಗಿ ಬಂದವನನ್ನೇ ಸಂಜೆ ಮಣ್ಣಿಗೆ ಒಯ್ಯುವುದು. ಹೀಗೆ ಹೇಳುವಾಗ ಆ ಮುದುಕಿಯರ ದನಿ ತಗ್ಗುತ್ತಿತ್ತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ವಿಯೆಗಸ್ ಎಂಬ ವೈದ್ಯರು ಆ ಬೇನೆಯನ್ನು ಗುರುತಿಸಿದರು. ಅಲ್ಲಿಂದ ರೈಲುದಾರಿ ಹಿಡಿದು, ವ್ಯಾಪಾರದ ಮೂಟೆಗಳ ನಡುವೆ ಕುಳಿತು ಅದು ಧಾರವಾಡ, ಹುಬ್ಬಳ್ಳಿಗಳಿಗೆ ಬಂತು. 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮುಂದಿನ ಮೂರು ದಶಕಗಳಲ್ಲಿ ನಮ್ಮ ದೇಶದಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಹರಡುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಹಿಡಿದದ್ದು 1898ರಲ್ಲಿ. ಅದನ್ನು ಲೋಕ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ನಮ್ಮ ಹಳ್ಳಿಗರಿಗೆ ಚಿಗಟದ ವಿಚಾರ ತಿಳಿದಿರಲಿಲ್ಲ. ಆದರೂ ಇಲಿ ಬಿದ್ದ ಮನೆಯಲ್ಲಿ ಇರಬಾರದೆಂಬ ವಿವೇಕ ಅವರಿಗಿತ್ತು. ಮನೆ ಬಿಟ್ಟು ಬಯಲಿಗೆ ಹೋದವರು ಎಷ್ಟೋ ಮಂದಿ ಉಳಿದುಕೊಂಡರು. ಅನುಭವವೂ ಒಂದು ಶಾಸ್ತ್ರವೇ ಎಂಬುದಕ್ಕೆ ಇದು ಸಾಕ್ಷಿ.

ಅದೇ ಕಾಲಕ್ಕೆ ಇನ್ನೊಂದು ಶಾಸ್ತ್ರವೂ ಬಂತು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದು ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಪರರಿಗೆ ಹೇಳುವ ಮೊದಲು ತಾನು ಆಚರಿಸಿ ತೋರಿಸಿದ. ಬರಿಯ ಬೋಧನೆಗೂ ಆಚರಣೆಗೂ ಇರುವ ಅಂತರವನ್ನು ಈ ಪರದೇಶಿ ಬಲ್ಲವನಾಗಿದ್ದ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿಯೇ ಸಾವಿರ ಸಾವಿರ ಜನ ಮುಂದೆ ಬಂದು ಆ ಚುಚ್ಚುಮದ್ದು ಹಾಕಿಸಿಕೊಂಡರು.

ಭಯ ಇದ್ದಲ್ಲಿ ಸತ್ಯ ಅಡಗುತ್ತದೆ

ಆಗಿನ ಸರ್ಕಾರ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಮನೆ ಶೋಧಿಸುವ, ರೋಗಿಯನ್ನು ಒಯ್ಯುವ ಅಧಿಕಾರ ಅಧಿಕಾರಿಗಳ ಕೈಗೆ ಬಂತು. ಪುಣೆಯಲ್ಲಿ ಸಿಪಾಯಿಗಳು ಅಡುಗೆಮನೆ, ದೇವರಮನೆಗಳಿಗೆ ನುಗ್ಗಿದರು. ಹೆಣ್ಣುಮಕ್ಕಳನ್ನು ಬೀದಿಗೆ ತಂದು ಪರೀಕ್ಷೆ ಮಾಡಿದರೆಂದು ಜನ ಕುದಿದರು. 1897ರ ಜೂನ್ 22ರ ರಾತ್ರಿ ಚಾಫೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು.

ಕೊಲೆಯನ್ನು ನಾವು ಹೊಗಳುವುದಿಲ್ಲ. ಆದರೆ ಅದರ ಹಿಂದಿನ ಕಾರಣವನ್ನು ತಿಳಿಯಬೇಕು. ಜನರ ಮನಸ್ಸು ಗೆಲ್ಲದೆ ಬರಿಯ ದಂಡದಿಂದ ರೋಗ ಓಡಿಸಲು ಹೊರಟರೆ, ರೋಗ ಓಡುವುದಿಲ್ಲ, ರೋಗಿ ಅಡಗುತ್ತಾನೆ. ಅಂದು ಅನೇಕರು ಮನೆಯ ರೋಗಿಯನ್ನು ಅಟ್ಟದಲ್ಲಿ, ಕಣಜದ ಹಿಂದೆ ಬಚ್ಚಿಟ್ಟರು. ಬಚ್ಚಿಟ್ಟ ಬೇನೆ ಇಡೀ ಮನೆಯನ್ನೇ ನುಂಗಿತು.

ಅದೇ 1897ರ ಕಾಯಿದೆಯನ್ನು 2020ರಲ್ಲಿಯೂ ಜಾರಿಗೆ ತರಲಾಯಿತು. ಈ ಸಲವೂ ಕೆಲವರು ಜ್ವರವನ್ನು ಬಚ್ಚಿಟ್ಟರು. ಬಾಗಿಲಿಗೆ ಅಂಟಿಸುವ ಚೀಟಿಗೆ ಹೆದರಿದರು. ನೆರೆಯವರು ಎಲ್ಲಿ ನೀರಿಗೂ ಬಿಡುವುದಿಲ್ಲವೋ ಎಂದು ಅಂಜಿದರು. ಎಲ್ಲಿಯೋ ಹುಟ್ಟಿದ ಸೋಂಕಿಗೆ ಒಂದು ಕೋಮಿನವರನ್ನು ಹೊಣೆ ಮಾಡಿ, ಅವರ ತರಕಾರಿ ಗಾಡಿಯನ್ನು ಓಣಿಗೆ ಬಿಡದಿದ್ದ ಊರುಗಳೂ ಉಂಟು. 1349ರಲ್ಲಿ ಯೂರೋಪಿನ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಯಹೂದಿಗಳು ಬಾವಿಗೆ ವಿಷ ಹಾಕಿದರೆಂಬ ಸುಳ್ಳು ನಂಬಿ ನೂರಾರು ಜನರನ್ನು ಸುಟ್ಟಿದ್ದರು. ಕಾಲ ಬೇರೆ, ದೇಶ ಬೇರೆ. ಭಯದ ಗುಣ ಒಂದೇ. ಹೆದರಿದ ಮನುಷ್ಯ ಕಾರಣ ಹುಡುಕುವುದಿಲ್ಲ, ಆರೋಪಿಯನ್ನು ಹುಡುಕುತ್ತಾನೆ.

ರಸ್ತೆ ಅಗಲವಾಯಿತು, ಮನಸ್ಸು?

ಮಹಾಮಾರಿ ಬರಿಯ ಕೆಡುಕನ್ನೇ ಮಾಡಿತೆಂದು ಹೇಳಲಾಗದು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಮನೆಗಳಿದ್ದವು. ಪ್ಲೇಗು ಬಂದ ಕಾಲದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಎಂಬ ಎರಡು ಹೊಸ ಬಡಾವಣೆಗಳು ರೂಪುಗೊಂಡವು. ನೇರವಾದ ಅಗಲ ರಸ್ತೆ, ಚರಂಡಿ, ಮನೆಯ ಸುತ್ತ ಖಾಲಿ ಜಾಗ, ಗಿಡಮರ ಎಲ್ಲವೂ ಅಲ್ಲಿ ಬಂದವು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ ಆ ವರ್ಷಗಳಲ್ಲೇ, 1900ರಲ್ಲಿ, ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. ನಗರದ ನೈರ್ಮಲ್ಯವೆಂದರೆ ರಾಜ್ಯದ ಹೊಣೆ ಎಂಬ ಭಾವನೆ ಬೇರೂರಿತು. ಸಾವಿನ ಭಯ ಮಾಡಿಸಿದ ಒಳ್ಳೆಯ ಕೆಲಸ ಇದು.

ಆದರೆ ಆ ಹೊಸ ಬಡಾವಣೆಗಳ ನಕ್ಷೆಯನ್ನು ಇನ್ನೊಮ್ಮೆ ನೋಡಬೇಕು. ನಿವೇಶನಗಳನ್ನು ಕೋಮುವಾರು ಭಾಗ ಮಾಡಿ ಹಂಚುವ ಕ್ರಮ ಅಲ್ಲಿಯೂ ಬಂತು. ಎರಡು ಸಾಲು ಮನೆಗಳ ಹಿತ್ತಲ ನಡುವೆ ಒಂದು ಕಿರಿದಾದ ಓಣಿ ಬಿಟ್ಟರು. ಯಾರಿಗಾಗಿ? ಮನೆಯ ಮುಂದಿನಿಂದ ಬರಬಾರದ, ಜಗಲಿ ಹತ್ತಬಾರದ, ಹಿಂದಿನಿಂದ ಬಂದು ಮಲ ಬಾಚಿಕೊಂಡು ಹೋಗಬೇಕಾದ ಜಾಡಮಾಲಿಗಾಗಿ. ಮುಂದಿನ ರಸ್ತೆ ಅಗಲವಾಯಿತು. ಹಿಂದಿನ ಓಣಿ ಹಾಗೆಯೇ ಉಳಿಯಿತು. ಮಹಾಮಾರಿ ಗೋಡೆಯನ್ನು ಸರಿಸಿತೇ ಹೊರತು ಗೋಡೆ ಕಟ್ಟುವ ಮನಸ್ಸನ್ನು ಸರಿಸಲಿಲ್ಲ.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು ಕಾನೂನು ತರಬೇಕಾಯಿತು. 1898ರಿಂದ 1993ಕ್ಕೆ ತೊಂಬತ್ತೈದು ವರ್ಷ. ಅಂದರೆ ಮೂರು ತಲೆಮಾರು. ಬೇನೆ ಕಲಿಸಿದ ಪಾಠವನ್ನು ಬೇನೆಯ ಕಾಲದಲ್ಲೇ ಕಲಿಯದಿದ್ದರೆ, ಆಮೇಲೆ ಕಲಿಯಲು ಎಷ್ಟು ಕಾಲ ಬೇಕಾಗುತ್ತದೆಂಬುದನ್ನು ಹಿರಿಯರು ಗಮನಿಸಬೇಕು.

ಒಂದು ದೃಷ್ಟಾಂತ

ಒಂದು ಊರು ಎಂದಿಟ್ಟುಕೊಳ್ಳಿ. ಇಲಿ ಬಿತ್ತು, ಊರು ಬಿಟ್ಟರು. ಗೌಡರ ಗುಡಿಸಲು ಹುಣಸೆಮರದ ಈ ಕಡೆ, ಅಗಸರ ಗುಡಿಸಲು ಆ ಕಡೆ. ಮಧ್ಯೆ ಗೋಡೆಯಿಲ್ಲ, ಬೇಲಿಯಿಲ್ಲ. ಗೌಡಶಾನಿಗೆ ಜ್ವರ ಬಂತು. ಹತ್ತಿರದ ನೆಂಟರು ದೂರ ನಿಂತರು. ಅಗಸರ ಮುದುಕಿ ಬಂದು ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಗಂಜಿ ಕುಡಿಸಿದಳು. ಗೌಡಶಾನಿ ಬದುಕಿದಳು. ಎರಡು ತಿಂಗಳು ಎರಡು ಗುಡಿಸಲಿನ ಮಕ್ಕಳೂ ಒಂದೇ ಮರದ ಕೆಳಗೆ ಆಡಿದವು, ಒಂದೇ ಗಡಿಗೆಯ ನೀರು ಕುಡಿದವು.

ಮಳೆಗಾಲ ಬಂತು, ಬೇನೆ ಇಳಿಯಿತು. ಮನೆಗೆ ಸುಣ್ಣ ಬಳಿದು ಎಲ್ಲರೂ ಊರೊಳಗೆ ಬಂದರು. ಮರುದಿನ ಅಗಸರ ಮುದುಕಿ ಒಗೆದ ಬಟ್ಟೆ ತಂದು ಎಂದಿನಂತೆ ಅಂಗಳದ ಹೊರಗೆ ನಿಂತಳು. ಗೌಡರ ಮೊಮ್ಮಗ ಓಡಿಹೋಗಿ, "ಅಜ್ಜೀ, ಒಳಗ ಬಾ" ಎಂದು ಕೈ ಹಿಡಿದೆಳೆದ. ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಆ ಹುಡುಗನಿಗೆ ಯಾರೂ ಉತ್ತರ ಹೇಳಲಿಲ್ಲ.

ಭಕ್ತರೇ, ಮಹಾಮಾರಿಯ ನಂತರ ಸಮಾಜ ಬದಲಾಗುವುದೋ ಇಲ್ಲವೋ ಎಂಬ ದೊಡ್ಡ ಪ್ರಶ್ನೆಯ ಉತ್ತರ ಇರುವುದು ಆ ಅಂಗಳದಲ್ಲಿ. ಆ ಕ್ಷಣದಲ್ಲಿ ಗೌಡಶಾನಿ ಏನು ಮಾಡಿದಳು ಎಂಬುದರಲ್ಲಿ.

ಹೆಗಲ ಮೇಲೆ ಹೊತ್ತ ತಾಯಿ

ಉತ್ತರ ಕೊಟ್ಟ ಒಬ್ಬ ತಾಯಿಯನ್ನು ಇಲ್ಲಿ ಸ್ಮರಿಸಬೇಕು. ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ ಅವರು ಆಗ ಅರವತ್ತು ದಾಟಿದ ವಿಧವೆ. 1897ರಲ್ಲಿ ಪ್ಲೇಗು ಬಂದಾಗ ಅವರು ವೈದ್ಯನಾಗಿದ್ದ ಸಾಕುಮಗ ಯಶವಂತನೊಡನೆ ಪುಣೆಯ ಹೊರವಲಯದಲ್ಲಿ ರೋಗಿಗಳಿಗೆ ಚಿಕಿತ್ಸಾಲಯ ನಡೆಸಿದರು. ಅಸ್ಪೃಶ್ಯರೆಂದು ಕರೆಯಲ್ಪಟ್ಟ ಕುಟುಂಬದ ಬಾಲಕನೊಬ್ಬನಿಗೆ ಬೇನೆ ತಗುಲಿದಾಗ ಅವನನ್ನು ತಾವೇ ಹೊತ್ತು ತಂದರು. ಬಾಲಕ ಉಳಿದ. ಬೇನೆ ತಾಯಿಗೆ ಹತ್ತಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು.

ಬೇರೆಯವರು ಮುಟ್ಟಲು ಹೇಸುತ್ತಿದ್ದ ಮಗುವನ್ನು, ಮುಟ್ಟಿದರೆ ಸಾಯಬಹುದೆಂದು ತಿಳಿದೂ ಆಕೆ ಎತ್ತಿಕೊಂಡರು. ಕಾಯಕ, ದಾಸೋಹ ಎಂಬ ಶಬ್ದಗಳನ್ನು ನಾವು ಪ್ರತಿದಿನ ಆಡುತ್ತೇವೆ. ಅವುಗಳ ಅರ್ಥ ತಿಳಿಯಲು ಶಬ್ದಕೋಶ ತೆರೆಯಬೇಕಿಲ್ಲ; ಈ ತಾಯಿಯ ಕೊನೆಯ ನಡಿಗೆಯನ್ನು ನೆನೆದರೆ ಸಾಕು.

ದುಡಿಯುವ ಕೈಯ ಬೆಲೆ

ದೂರದ ದೇಶದ ಇನ್ನೊಂದು ಸಂಗತಿ ಕೇಳಿ. 1347ರಿಂದ ನಾಲ್ಕೈದು ವರ್ಷಗಳಲ್ಲಿ ಇದೇ ಪ್ಲೇಗು ಯೂರೋಪಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನರನ್ನು ಕೊಂದಿತು. ಇಂಗ್ಲೆಂಡಿನಲ್ಲಿ ಹೊಲ ಉಳುವವರಿಲ್ಲ, ಪೈರು ಕೊಯ್ಯುವವರಿಲ್ಲ. ಉಳಿದ ಕೂಲಿಗಳು ಹೆಚ್ಚು ಕೂಲಿ ಕೇಳಿದರು. ಜಮೀನ್ದಾರರು 1351ರಲ್ಲಿ ಕಾನೂನು ಮಾಡಿಸಿ, ಬೇನೆಗೆ ಮುಂಚಿನ ಕೂಲಿಯನ್ನೇ ತೆಗೆದುಕೊಳ್ಳಬೇಕೆಂದರು. 1381ರಲ್ಲಿ ರೈತರು ದಂಗೆಯೆದ್ದರು. ದಂಗೆಯನ್ನು ಅಡಗಿಸಿದರು, ನಿಜ. ಆದರೆ ಮುಂದಿನ ತಲೆಮಾರುಗಳಲ್ಲಿ ಅಲ್ಲಿಯ ಜೀತಪದ್ಧತಿ ಮೆಲ್ಲಮೆಲ್ಲನೆ ಕರಗಿಹೋಯಿತು. ಬದಲಾವಣೆ ಸಾವಿನಿಂದ ತಾನಾಗಿ ಬರಲಿಲ್ಲ. ತಮ್ಮ ಕೈಯ ಬೆಲೆ ತಿಳಿದ ಜನ ಕೇಳಿದ್ದರಿಂದ ಬಂತು.

ನಮ್ಮಲ್ಲಿ 1918ರ ಇನ್‌ಫ್ಲುಯೆಂಜಾ ಜ್ವರ ಪ್ಲೇಗಿಗಿಂತ ವೇಗವಾಗಿ ಕೊಂದಿತು. ದೇಶದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಅಂದಾಜು. 1911ರಲ್ಲಿ 25.21 ಕೋಟಿಯಷ್ಟಿದ್ದ ಜನಸಂಖ್ಯೆ 1921ರಲ್ಲಿ 25.13 ಕೋಟಿಗೆ ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಹತ್ತು ವರ್ಷಕ್ಕೆ ಜನ ಕಡಿಮೆಯಾದದ್ದು ಅದೊಂದೇ ಸಲ. ಇಷ್ಟಾಗಿಯೂ ಆ ಜ್ವರದ ನೆನಪು ನಮ್ಮ ಊರುಗಳಲ್ಲಿ ಉಳಿದಿಲ್ಲ. ಪ್ಲೇಗಿಗೆ ಪ್ಲೇಗಮ್ಮನ ಗುಡಿಯಾದರೂ ಇದೆ. ಅದಕ್ಕೆ ಒಂದು ಕಲ್ಲೂ ಇಲ್ಲ. ಮರೆವು ಎಷ್ಟು ಬಲವಾದದ್ದು ನೋಡಿ!

ನಾವೇ ಕಂಡದ್ದು

ಇನ್ನು ನಮ್ಮ ಕಾಲದ ಮಾತು. ದೇಶದಲ್ಲಿ ಕೊರೋನಾದ ಮೊದಲ ಸಾವು ದಾಖಲಾದದ್ದು ಶರಣರ ನಾಡಾದ ಕಲಬುರಗಿಯಲ್ಲಿ, 2020ರ ಮಾರ್ಚಿನಲ್ಲಿ. ಅದೇ ತಿಂಗಳ 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಗಾರೆ ಕೆಲಸಕ್ಕೆ ಹೋದ ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯ ಮಕ್ಕಳು ಗಂಟು ಮೂಟೆ ಹೊತ್ತು ಊರಿನ ದಾರಿ ಹಿಡಿದರು. ಪಟ್ಟಣದ ಮಹಡಿಗಳನ್ನು ಕಟ್ಟಿದವರಿಗೆ ಪಟ್ಟಣದಲ್ಲಿ ಒಂದು ತಿಂಗಳು ನೆರಳು ಸಿಗಲಿಲ್ಲ. ಆ ವರ್ಷ ಉದ್ಯೋಗ ಖಾತರಿ ಯೋಜನೆಯಡಿ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸವಾಯಿತು. ಅದಕ್ಕೆ ಮುಂಚೆ ಅಷ್ಟು ಕೆಲಸ ಯಾವ ವರ್ಷವೂ ಆಗಿರಲಿಲ್ಲ. ಊರ ಕೆರೆಯ ಹೂಳೆತ್ತಿದ ಗುದ್ದಲಿಯೇ ಅನೇಕರ ಒಲೆ ಉರಿಸಿತು.

ಆಗ ಮನೆ ಮನೆಗೆ ಬಂದವರು ಯಾರು? ಆಶಾ ಕಾರ್ಯಕರ್ತೆಯರು. ಬೀದಿ ಗುಡಿಸಿದವರು ಯಾರು? ಪೌರಕಾರ್ಮಿಕರು. ಅವರ ಮೇಲೆ ಹೂ ಸುರಿದೆವು, ಪಾದ ತೊಳೆದು ಸನ್ಮಾನ ಮಾಡಿದೆವು. ಆದರೆ 2020ರ ಜುಲೈನಲ್ಲಿಯೇ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಕೆಲಸ ನಿಲ್ಲಿಸಿ ಕೂರಬೇಕಾಯಿತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿರೆಂದು ಮುಷ್ಕರ ಹೂಡಬೇಕಾಯಿತು. ಹೂವಿನ ಹಾರ ಸಂಜೆಗೆ ಬಾಡುತ್ತದೆ. ನ್ಯಾಯವಾದ ಕೂಲಿ ಮಾತ್ರ ಮರುದಿನದ ಗಂಜಿಗೆ ಆಗುತ್ತದೆ.

ಸಾವಿನ ಮುಂದೆ ನಮ್ಮ ನಡತೆಯನ್ನೂ ಮುಚ್ಚಿಡಬಾರದು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ದೃಶ್ಯ ಕಂಡು ನಾಡು ತಲೆತಗ್ಗಿಸಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. 2021ರ ಜೂನ್‌ನಲ್ಲಿ, ಮನೆಯವರು ಬಂದು ಒಯ್ಯದೆ ಉಳಿದ ನೂರಾರು ಜನರ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಸರ್ಕಾರವೇ ಕಾವೇರಿಯಲ್ಲಿ ವಿಸರ್ಜಿಸಿತು. ಕೆಲವರು ಭಯದಿಂದ ಬರಲಿಲ್ಲ, ಕೆಲವರು ಬಡತನದಿಂದ, ಕೆಲವರು ತಾವೇ ಆಸ್ಪತ್ರೆಯಲ್ಲಿದ್ದುದರಿಂದ. ಅವರನ್ನು ಬೈಯುವುದು ಬೇಡ. ಆದರೆ ಅದೇ ದಿನಗಳಲ್ಲಿ ಹೆಸರು ಕುಲ ಕೇಳದೆ ಶವಕ್ಕೆ ಹೆಗಲು ಕೊಟ್ಟ ಯುವಕರಿದ್ದರು. ಹಿಂದೂಗಳಿದ್ದರು, ಮುಸಲ್ಮಾನರಿದ್ದರು, ಕ್ರೈಸ್ತರಿದ್ದರು. ಮಗ ಮಾಡಬೇಕಾದ ಸಂಸ್ಕಾರವನ್ನು ಗುರುತಿಲ್ಲದವನು ಮಾಡಿದ. ಕೊಪ್ಪಳದ ಗವಿಮಠದಂತಹ ಮಠಗಳೂ, ಹಲವು ಮಸೀದಿ ಚರ್ಚುಗಳೂ ರೋಗಿಗಳಿಗೆ ಹಾಸಿಗೆ ಹಾಸಿದವು. ಇದು ನಮ್ಮ ಕಾಲದ ಅಗಸರ ಮುದುಕಿಯ ಕಥೆ.

ಶಾಲೆ ಮುಚ್ಚಿದಾಗ ಕರ್ನಾಟಕದಲ್ಲಿ ವಿದ್ಯಾಗಮ ಎಂಬ ಏರ್ಪಾಡು ಬಂತು. 2020ರ ಆಗಸ್ಟಿನಿಂದ ಕೆಲವು ತಿಂಗಳು ಮೇಷ್ಟ್ರುಗಳು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಗುಡಿಯ ಕಟ್ಟೆಯ ಮೇಲೆ ಎಲ್ಲ ಕೇರಿಯ ಮಕ್ಕಳೂ ಕೂತರೆ? ಕೂತ ಊರುಗಳಲ್ಲಿ ದೇವರು ಸಂತೋಷಪಟ್ಟಿರಬೇಕು. ಕೂರದ ಊರುಗಳ ಹಿರಿಯರು ಈಗಲಾದರೂ ಆ ಕಟ್ಟೆಯನ್ನು ನೋಡಿ ಯೋಚಿಸಬೇಕು.

ಇನ್ನೊಂದು ಮಾತು ಮದುವೆಯದು. ಆ ದಿನಗಳಲ್ಲಿ ಐವತ್ತು ಜನರಿಗೆ ಮೀರಬಾರದೆಂಬ ಕಟ್ಟಳೆ ಇತ್ತು. ಮನೆಯ ಅಂಗಳದಲ್ಲಿ ಚಪ್ಪರ, ಹತ್ತಿರದ ಬಂಧುಗಳು, ಒಂದು ಸಿಹಿ. ಆ ಮದುವೆಗಳಲ್ಲಿ ಮಾಂಗಲ್ಯದ ಬೆಲೆ ಕಡಿಮೆಯಾಯಿತೇ? ಆ ದಂಪತಿಗಳಿಗೆ ಆಶೀರ್ವಾದ ಕಡಿಮೆ ಬಿತ್ತೇ? ಇಲ್ಲ. ಸಾಲ ಮಾತ್ರ ಕಡಿಮೆಯಾಯಿತು. ಕಟ್ಟಳೆ ಸಡಿಲವಾದ ಕೂಡಲೇ ನಾವು ಮತ್ತೆ ದೊಡ್ಡ ಮಂಟಪ, ದೊಡ್ಡ ಸಾಲಗಳಿಗೆ ಮರಳಿದೆವು. ಅದೇ ಕಾಲದಲ್ಲಿ, ಶಾಲೆಯಿಲ್ಲದೆ ಮನೆಯಲ್ಲಿ ಕೂತ ಎಳೆಯ ಹೆಣ್ಣುಮಕ್ಕಳಿಗೆ ಸದ್ದಿಲ್ಲದೆ ತಾಳಿ ಕಟ್ಟಿಸಿದ ತಂದೆ-ತಾಯಿಗಳೂ ಇದ್ದರು. ಸರಳ ಮದುವೆ ಪುಣ್ಯ, ಬಾಲ್ಯವಿವಾಹ ಪಾಪ. ಎರಡೂ ಒಂದೇ ಚಪ್ಪರದ ಕೆಳಗೆ ನಡೆದವು ಎಂಬುದನ್ನು ಮರೆಯಬಾರದು.

ಅಂಬಿಗನ ಕೂಲಿ

ಹಾಗಾದರೆ ಮಹಾಮಾರಿ ಸಮಾಜವನ್ನು ಬದಲಿಸುತ್ತದೆಯೇ? ಬದಲಿಸುವುದಿಲ್ಲ. ಅದು ನೇಗಿಲಿನಂತೆ ನೆಲವನ್ನು ಸೀಳಿ ಹೋಗುತ್ತದೆ ಅಷ್ಟೇ. ಬೀಜ ಬಿತ್ತುವುದು ನಮ್ಮ ಕೆಲಸ. ಹದ ಆರುವ ಮೊದಲು ಬಿತ್ತಿದರೆ ಬೆಳೆ; ಬಿತ್ತದೆ ಬಿಟ್ಟರೆ ಹಳೆಯ ಕಳೆಯೇ ಇನ್ನೂ ಹುಲುಸಾಗಿ ಎದ್ದು ನಿಲ್ಲುತ್ತದೆ. ಇದು ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ.

ಹದ ಪೂರ್ತಿ ಆರಿಲ್ಲ. ಊರಿನ ಹಿರಿಯರು ಕೆಲವು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು. ಕೊರೋನಾ ಕಾಲದಲ್ಲಿ ತಂದೆ ತಾಯಿ ಕಳೆದುಕೊಂಡ ಮಗು ನಿಮ್ಮ ಊರಿನಲ್ಲಿ ಇದ್ದರೆ, ಅದರ ಓದು ನಿಂತಿದೆಯೇ ನಡೆದಿದೆಯೇ ಎಂದು ವಿಚಾರಿಸಿ. ಗಂಡನನ್ನು ಕಳೆದುಕೊಂಡ ಸೊಸೆಯ ಹೆಸರಿಗೆ ಹೊಲ ಮನೆಯ ಪಾಲು ಬಂದಿದೆಯೇ ನೋಡಿ. ಊರಿನ ಆಶಾ ತಾಯಿಯನ್ನೂ, ಚರಂಡಿ ಬಳಿಯುವ ಅಣ್ಣನನ್ನೂ ಜಾತ್ರೆಯ ದಿನ ವೇದಿಕೆಗೆ ಕರೆದು ಶಾಲು ಹೊದಿಸಿದರೆ ಸಾಲದು. ಅವರ ಕೂಲಿ ಬಾಕಿ ಇದ್ದರೆ ಪಂಚಾಯಿತಿಯಲ್ಲಿ ಅವರ ಪರ ನಿಂತು ಕೇಳಿ. ಮನೆಯ ಮದುವೆಯನ್ನು ಸರಳವಾಗಿ ಮಾಡಿ. ಮಗಳಿಗೆ ಹದಿನೆಂಟು ತುಂಬುವ ತನಕ ಆ ಮಾತನ್ನೇ ಎತ್ತಬೇಡಿ. ಸರ್ಕಾರಿ ಆಸ್ಪತ್ರೆಗೆ ವೈದ್ಯರಿದ್ದಾರೋ ಇಲ್ಲವೋ ಎಂದು ಬೇನೆ ಬಂದ ದಿನ ಹುಡುಕಬೇಡಿ, ಇಂದೇ ಕೇಳಿ. ಜ್ವರ ಬಂದವನನ್ನು ಪ್ರತ್ಯೇಕ ಇಡುವುದು ವಿವೇಕ. ಅವನನ್ನು ಬಹಿಷ್ಕರಿಸುವುದು ಅಧರ್ಮ. ಈ ಎರಡರ ಅಂತರವನ್ನು ಮಕ್ಕಳಿಗೆ ಹೇಳಿಕೊಡಿ. ಇನ್ನೊಂದು ಬೇನೆ ಬಂದಾಗ ಅವರಿಗೆ ಈ ಮಾತೇ ಮದ್ದಾಗುತ್ತದೆ.

ನಮ್ಮ ಅಜ್ಜಂದಿರು ಕಟ್ಟಿಸಿದ ಹಿತ್ತಲ ಓಣಿಗೆ ನಾವು ಉತ್ತರ ಹೇಳಬೇಕಾಯಿತು. ನಾವು ಇಂದು ಕಟ್ಟುವುದಕ್ಕೆ ನಮ್ಮ ಮೊಮ್ಮಕ್ಕಳು ಉತ್ತರ ಹೇಳಬೇಕಾಗುತ್ತದೆ. ಅಂಗಳದ ಹೊರಗೆ ನಿಂತ ಆ ಮುದುಕಿಯ ಕೈ ಹಿಡಿದು ಹುಡುಗ ಇನ್ನೂ ಎಳೆಯುತ್ತಿದ್ದಾನೆ. ಬಾಗಿಲಲ್ಲಿ ನಿಂತವರು ನಾವು. ಎಂಥ ಬೇನೆಯೂ ಮುಟ್ಟದ ಆ ಎಳೆಯ ಮನಸ್ಸಿಗೆ ಹಿರಿಯರಾದ ನಾವು, "ಹೌದು ಮಗು, ಒಳಗ ಕರಕೊಂಡು ಬಾ" ಎನ್ನುವ ಶಕ್ತಿಯನ್ನು ಪರಶಿವನು ನಮಗೆಲ್ಲ ಕರುಣಿಸಲಿ.

ಸರ್ವರಿಗೂ ಸನ್ಮಂಗಳವಾಗಲಿ.